ಮಾತಿನ ಒರೆಗಲ್ಲು: ಬಳ್ಳಿಗಾವೆಯಿಂದ ನಮ್ಮ ತರಗತಿಯವರೆಗೆ

ಸಭೆಯಲ್ಲಿ ಅಳುಕದೆ ಮಾತನಾಡುವುದನ್ನು ಕಲಿಯುವುದು ಹೇಗೆಂದು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಕೇಳುತ್ತಿರುತ್ತಾರೆ. ಅವರಲ್ಲಿ ಕೆಲವರು ಈಗ ತಾವೇ ಶಿಕ್ಷಕರು. ಕೆಲವರು ಕಚೇರಿಯಲ್ಲಿ ಮೇಲಧಿಕಾರಿಗಳ ಮುಂದೆ ನಿಂತು ವರದಿ ಒಪ್ಪಿಸಬೇಕಾದವರು. ಇನ್ನು ಕೆಲವರು ಊರಿನ ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ನಾಲ್ಕು ಮಾತು ಹೇಳಬೇಕಾದವರು. ಕೇಳುವವರೆಲ್ಲರ ಮನಸ್ಸಿನಲ್ಲೂ ಒಂದೇ ಅಂಜಿಕೆ ಇರುತ್ತದೆ. ಮಾತುಗಾರಿಕೆಯೆಂಬುದು ಹುಟ್ಟಿನಿಂದ ಬರುವ ವರ, ಆ ವರ ತಮಗೆ ದಕ್ಕಲಿಲ್ಲ ಎಂಬುದೇ ಆ ಅಂಜಿಕೆ. ಈ ಪ್ರಶ್ನೆಗೆ ದೂರದ ಊರಿನ ತರಬೇತಿ ಶಿಬಿರಗಳಲ್ಲಿ ಉತ್ತರ ಹುಡುಕುವುದಕ್ಕೆ ಮೊದಲು ನಾವು ನಮ್ಮ ಶಿಕಾರಿಪುರ, ಸೊರಬ ಸೀಮೆಯ ಚರಿತ್ರೆಯನ್ನೇ ಒಮ್ಮೆ ತೆರೆದು ನೋಡಬಹುದು. ಅಂಜನಾಪುರದಿಂದ ಒಂದು ದಿನದೊಳಗೆ ಹೋಗಿ ಬರಬಹುದಾದ ಊರುಗಳಲ್ಲೇ ಸಾವಿರ ವರ್ಷಗಳ ಮಾತಿನ ಚರಿತ್ರೆ ಕಲ್ಲಿನ ಮೇಲೆ ಉಳಿದಿದೆ.

ಮೊದಲಿಗೆ ನಾವೆಲ್ಲರೂ ಶಾಲೆಯಲ್ಲಿ ಕೇಳಿದ ಒಂದು ಕಥೆಯನ್ನು ನೆನಪು ಮಾಡಿಕೊಳ್ಳೋಣ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಅಥೆನ್ಸ್ ನಗರದಲ್ಲಿದ್ದ ಡೆಮಾಸ್ತನೀಸನು ತೊದಲು ನಾಲಿಗೆಯವನು. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು, ಕಡಲ ಮೊರೆತಕ್ಕೆ ಎದುರಾಗಿ ಕೂಗಿ ಕೂಗಿ ಅಭ್ಯಾಸ ಮಾಡಿ ಮಹಾ ವಾಗ್ಮಿಯಾದನು ಎಂಬ ಕಥೆ ಅದು. ಮೇಷ್ಟ್ರುಗಳಾದ ನಾವು ಈ ಕಥೆಯನ್ನು ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದೇವೆ. ಆದರೆ ಡೆಮಾಸ್ತನೀಸನ ಚರಿತ್ರೆಯನ್ನು ಬರೆದ ಪ್ಲೂಟಾರ್ಕನು ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಸಭೆಯಲ್ಲಿ ಸೋತು, ಮುಖ ಮುಚ್ಚಿಕೊಂಡು ಮನೆಗೆ ಹೊರಟಿದ್ದ ಅವನನ್ನು ಸ್ಯಾಟಿರಸ್ ಎಂಬ ನಟನೊಬ್ಬ ಹಿಂಬಾಲಿಸಿದ. ನಾಟಕದ ಒಂದು ಭಾಗವನ್ನು ಹೇಳು ಎಂದ. ಡೆಮಾಸ್ತನೀಸ ಹೇಳಿದ. ಅದೇ ಭಾಗವನ್ನು ಸ್ಯಾಟಿರಸ್ ತಾನು ತಕ್ಕ ಭಾವದಿಂದ, ತಕ್ಕ ನಿಲುವಿನಿಂದ ಹೇಳಿ ತೋರಿಸಿದ. ತನ್ನಲ್ಲಿ ಇಲ್ಲದಿರುವುದು ಏನೆಂದು ಡೆಮಾಸ್ತನೀಸನಿಗೆ ತಿಳಿದದ್ದು ಆಗ. ನಮಗೆ ಬೆಣಚುಕಲ್ಲು ಮಾತ್ರ ನೆನಪುಳಿದಿದೆ, ಸ್ಯಾಟಿರಸ್ ಮರೆತುಹೋಗಿದ್ದಾನೆ. ಒಬ್ಬನೇ ಕುಳಿತು ಮಾಡಿದ ಅಭ್ಯಾಸವು ಗುಣವನ್ನು ಹೇಗೆ ಗಟ್ಟಿ ಮಾಡುತ್ತದೆಯೋ ಹಾಗೆಯೇ ದೋಷವನ್ನೂ ಗಟ್ಟಿ ಮಾಡುತ್ತದೆ. ಚಿನ್ನಕ್ಕೆ ಒರೆಗಲ್ಲು ಇರುವಂತೆ ಮಾತಿಗೆ ಇನ್ನೊಬ್ಬರ ಕಿವಿ ಇರಬೇಕು. ಆ ಕಿವಿಯ ಒಡೆಯನಿಗೆ ಉತ್ತರ ಹೇಳುವ ಹಕ್ಕೂ ಇರಬೇಕು.

ನಮ್ಮ ಸೀಮೆ ಈ ಮಾತನ್ನು ಬಹಳ ಹಿಂದೆಯೇ ತಿಳಿದಿತ್ತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿರುವ ಐದನೆಯ ಶತಮಾನದ ಕಂಬದ ಶಾಸನವನ್ನು ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ನೋಡಿದ್ದೀರಿ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಶಾಸನ ಅದು. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗಿ, ಸಮಸ್ತ ಪ್ರವಚನವನ್ನು ಅಧ್ಯಯನ ಮಾಡುವ ಬಯಕೆಯಿಂದ ಅಲ್ಲಿನ ಘಟಿಕೆಯನ್ನು ಸೇರಿದನೆಂದು ಅದು ತಿಳಿಸುತ್ತದೆ. ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳ, ಆಮೇಲೆ ಹುಟ್ಟಿದ ಕದಂಬ ರಾಜ್ಯ, ಇವು ಎಲ್ಲರಿಗೂ ಗೊತ್ತಿರುವ ಕಥೆ. ನಾನು ಇಲ್ಲಿ ಗಮನಿಸಬೇಕೆನ್ನುವುದು 'ಪ್ರವಚನ' ಎಂಬ ಪದವನ್ನು. ಇಂದು ನಾವು ವೇದಿಕೆಯ ಮೇಲಿನ ಉಪನ್ಯಾಸಕ್ಕೆ ಬಳಸುವ ಈ ಪದಕ್ಕೆ ಅಲ್ಲಿ ಗುರುಮುಖದಿಂದ ಕೇಳಿ ಕಲಿಯುವ ವಿದ್ಯೆ ಎಂಬ ಅರ್ಥವಿದೆ. ಹೇಳುವ ವಿದ್ಯೆಯೂ ಕೇಳುವ ವಿದ್ಯೆಯೂ ಬೇರೆಬೇರೆಯಲ್ಲ ಎಂಬ ತಿಳಿವಳಿಕೆ ಆ ಒಂದು ಪದದಲ್ಲೇ ಅಡಗಿದೆ. ಅಷ್ಟು ದೂರ ನಡೆದು ಹೋಗಿ ಆ ಯುವಕ ಬಯಸಿದ್ದು ಕೇಳಿ ಕಲಿಯುವ ಅವಕಾಶವನ್ನು.

ತಾಳಗುಂದದಿಂದ ಬಳ್ಳಿಗಾವೆ ಬಹು ಸಮೀಪ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಪಟ್ಟಣ ಬನವಾಸಿ ಹನ್ನೆರಡು ಸಾಸಿರ ನಾಡಿನ ರಾಜಧಾನಿಯಾಗಿತ್ತು. ಶಿವ, ವಿಷ್ಣು, ಬ್ರಹ್ಮ, ಜಿನ, ಬುದ್ಧ ಈ ಐವರ ಮಠಗಳೂ ಒಂದೇ ಊರಿನಲ್ಲಿದ್ದುವು. ೧೦೬೫ರಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿ ಇಲ್ಲಿ ಬೌದ್ಧ ವಿಹಾರವನ್ನು ಕಟ್ಟಿಸಿದ್ದಕ್ಕೆ ಶಾಸನವಿದೆ. ಅಂದರೆ ತನ್ನ ಮತವನ್ನು ಒಪ್ಪದ ವಿದ್ವಾಂಸನನ್ನು ಹುಡುಕಿಕೊಂಡು ಯಾರೂ ಪರದೇಶಕ್ಕೆ ಹೋಗಬೇಕಾಗಿರಲಿಲ್ಲ. ಅವನು ಅದೇ ಊರಿನಲ್ಲಿದ್ದ.

ಇಂಥ ಊರಿನಲ್ಲಿ ವಾದವೆಂಬುದು ಒಂದು ವಿದ್ಯೆಯಾಗಿ ಬೆಳೆದದ್ದು ಸಹಜ. ಪಂಚಲಿಂಗ ದೇವಾಲಯಕ್ಕೆ ಸಂಬಂಧಿಸಿದ ೧೦೩೬ರ ಶಾಸನದಲ್ಲಿ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನು ಕಾಳಾಮುಖ ಆಚಾರ್ಯ ಲಕುಲೀಶ್ವರ ಪಂಡಿತರಿಗೆ ದತ್ತಿ ಬಿಟ್ಟ ವಿವರವಿದೆ. ಆ ಆಚಾರ್ಯರಿಗಿದ್ದ ಬಿರುದು 'ವಾದಿರುದ್ರಗಣ'. ಬೌದ್ಧ, ಮೀಮಾಂಸಕ, ಲೋಕಾಯತ, ಸಾಂಖ್ಯ ಮುಂತಾದ ಮತಗಳವರನ್ನು ವಾದದಲ್ಲಿ ಗೆದ್ದವರೆಂದು ಶಾಸನ ಅವರನ್ನು ಹೊಗಳುತ್ತದೆ. ಶಾಸನಗಳಲ್ಲಿ ಹೊಗಳಿಕೆ ತುಸು ಹೆಚ್ಚೇ ಇರುತ್ತದೆ, ಸೋತವರು ಕಲ್ಲು ಕೆತ್ತಿಸುವುದಿಲ್ಲ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು. ಆದರೂ ರಾಜನು ಒಬ್ಬ ಗುರುವಿಗೆ ಭೂಮಿಯನ್ನು ಕೊಡುವಾಗ ಅವರ ವಾದಶಕ್ತಿಯನ್ನು ಎತ್ತಿ ಹೇಳಿಸಿದನೆಂದರೆ, ಆ ಕಾಲದಲ್ಲಿ ಅದಕ್ಕಿದ್ದ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠದ ಮಾತು ಇನ್ನೂ ಸ್ವಾರಸ್ಯವಾದುದು. ಅಂಜನಾಪುರದ ಮಕ್ಕಳಿಗೆ ಕೋಡಿ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕುಮುದ್ವತಿಗೆ ಕಟ್ಟಿದ ನಮ್ಮ ಜಲಾಶಯ ತುಂಬಿ ಕೋಡಿ ಬಿದ್ದ ದಿನ ಸುತ್ತಲಿನ ಊರುಗಳೆಲ್ಲ ನೋಡಲು ನೆರೆಯುತ್ತವೆ. ೧೧೬೨ರಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ ಹಾಕಿಸಿದ ಶಾಸನವು ಕೋಡಿಯ ಮಠದಲ್ಲಿ ಏನೇನು ಕಲಿಸುತ್ತಿದ್ದರೆಂಬುದನ್ನು ಪಟ್ಟಿ ಮಾಡುತ್ತದೆ: ನಾಲ್ಕು ವೇದಗಳು, ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ. ಬಡವರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅಲ್ಲಿ ಊಟ ಸಿಗುತ್ತಿತ್ತು. ರೋಗಿಗಳಿಗೆ ಚಿಕಿತ್ಸೆಯೂ ನಡೆಯುತ್ತಿತ್ತು. ಶೈವ ಮಠವೊಂದರಲ್ಲಿ ಬೌದ್ಧ ದರ್ಶನವನ್ನು ಏಕೆ ಕಲಿಸಬೇಕಾಗಿತ್ತು? ಎದುರಾಳಿಯ ಮಾತನ್ನು ಅವನಷ್ಟೇ ಚೆನ್ನಾಗಿ ಹೇಳಲಾರದವನು ಅದಕ್ಕೆ ಉತ್ತರವನ್ನು ಹೇಳಲಾರ. ನಮ್ಮ ಶಾಸ್ತ್ರಕಾರರು ಇದನ್ನೇ ಪೂರ್ವಪಕ್ಷವೆಂದು ಕರೆದರು.

ಅಲ್ಲಿ ಕಲಿಸುತ್ತಿದ್ದ ನ್ಯಾಯಶಾಸ್ತ್ರಕ್ಕೆ ಮೂಲವಾದ ಗೌತಮನ ನ್ಯಾಯಸೂತ್ರವನ್ನು ಮಾತಿನ ದೃಷ್ಟಿಯಿಂದ ಒಮ್ಮೆ ನೋಡಬೇಕು. ಅದರಲ್ಲಿ ೨೨ ನಿಗ್ರಹಸ್ಥಾನಗಳನ್ನು, ಎಂದರೆ ಮಾತನಾಡುವವನು ಸೋತನೆಂದು ಸಭೆ ತೀರ್ಮಾನಿಸುವ ಸಂದರ್ಭಗಳನ್ನು, ಹೇಳಿದೆ. ಹೇಳಿದ್ದನ್ನೇ ಮತ್ತೆ ಹೇಳಿದರೆ ಅದು 'ಪುನರುಕ್ತ'. ವಿಷಯ ಬಿಟ್ಟು ಬೇರೆಡೆಗೆ ಹೋದರೆ 'ಅರ್ಥಾಂತರ'. ಮೂರು ಸಲ ಹೇಳಿದರೂ ಸಭೆಗೂ ಎದುರಾಳಿಗೂ ಅರ್ಥವಾಗದಿದ್ದರೆ 'ಅವಿಜ್ಞಾತಾರ್ಥ'. ಅಲ್ಲಿ ತಪ್ಪು ಕೇಳುಗರದ್ದಲ್ಲ, ಹೇಳಿದವನದು. ಎದುರಾಳಿ ಹೇಳಿದ್ದನ್ನು ತಿರುಗಿ ಹೇಳಿ ತೋರಿಸಲಾಗದಿದ್ದರೆ 'ಅನನುಭಾಷಣ'. ಕೊನೆಗೆ, ತನಗೆ ಬೇರೇನೋ ಕೆಲಸವಿದೆಯೆಂದು ನೆಪ ಹೇಳಿ ಎದ್ದುಹೋದರೆ ಅದಕ್ಕೂ ಒಂದು ಹೆಸರಿದೆ, 'ವಿಕ್ಷೇಪ'! ಇಂದಿನ ಭಾಷಣ ಸ್ಪರ್ಧೆಯ ತೀರ್ಪುಗಾರರ ಕೈಯಲ್ಲಿರುವ ಅಂಕಪಟ್ಟಿಗಿಂತ ಈ ಪಟ್ಟಿ ನನಗೆ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಏಕೆಂದರೆ ಇದು ಅಂಕ ಕೊಟ್ಟು ಸುಮ್ಮನಾಗುವುದಿಲ್ಲ. ಮಾತು ಯಾವ ಜಾಗದಲ್ಲಿ ಮುರಿಯಿತೆಂದು ಬೆರಳಿಟ್ಟು ತೋರಿಸುತ್ತದೆ.

ಇಷ್ಟೆಲ್ಲ ಇದ್ದರೂ ಆ ಸಭೆಗಳಲ್ಲಿ ಎದುರಾಡುವ ಹಕ್ಕು ಕೆಲವರಿಗೆ ಮಾತ್ರ ಇತ್ತು. ಹೆಂಗಸರು, ದುಡಿಯುವ ಜಾತಿಗಳವರು ಆ ವರ್ತುಲದ ಹೊರಗಿದ್ದರು. ಹನ್ನೆರಡನೆಯ ಶತಮಾನದ ಶರಣರ ಮಹತ್ತ್ವ ಕಾಣುವುದು ಇಲ್ಲಿಯೇ. ಅಲ್ಲಮಪ್ರಭು ಬಳ್ಳಿಗಾವೆಯವರು, ಅಕ್ಕಮಹಾದೇವಿ ಉಡುತಡಿಯವರು. ಇಬ್ಬರೂ ಇಂದಿನ ನಮ್ಮ ತಾಲ್ಲೂಕಿನವರೇ. ಇವರಿಬ್ಬರ ಮಾತುಕತೆ ನಡೆದದ್ದು ದೂರದ ಕಲ್ಯಾಣದಲ್ಲಿ. ಅದರ ಚಿತ್ರ ನಮಗೆ ಸಿಗುವುದು ಸುಮಾರು ಮೂರು ಶತಮಾನಗಳ ಆಮೇಲೆ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ. ಆದ್ದರಿಂದ ಅದನ್ನು ಸಭೆಯ ನಡಾವಳಿಯೆಂದು ಓದಬಾರದು. ಆದರೆ ಆ ಗ್ರಂಥ ಸಂವಾದಕ್ಕೆ ಕೊಟ್ಟ ಸ್ಥಾನ ದೊಡ್ಡದು. ಮನೆ ಬಿಟ್ಟು, ಉಡುಗೆ ಬಿಟ್ಟು ಬಂದ ಹೆಣ್ಣುಮಗಳನ್ನು ಅಲ್ಲಮರು ಎಲ್ಲರೆದುರು ಕಟುವಾಗಿಯೇ ಪ್ರಶ್ನಿಸುತ್ತಾರೆ. ಅವಳು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಒಂದು ಉತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಕೊನೆಗೆ ಕೇಳಿದವರೇ ತಲೆದೂಗುತ್ತಾರೆ. ಪ್ರಶ್ನೆ ಕಟುವಾಗಿದ್ದರೂ ಅದರ ಉದ್ದೇಶ ಅವಮಾನವಲ್ಲ, ಪರೀಕ್ಷೆ ಎಂಬುದು ಅಲ್ಲಿ ಸ್ಪಷ್ಟವಾಗಿದೆ. ತಿದ್ದುವವರಿಗೂ ಹೀಗಳೆಯುವವರಿಗೂ ಇರುವ ವ್ಯತ್ಯಾಸ ಇದೇ ಅಲ್ಲವೇ?

ಗ್ರಂಥಗಳಿಂದ ಹೊರಗೆ, ಜನಸಾಮಾನ್ಯರ ನಡುವೆ, ಈ ವಿದ್ಯೆಯನ್ನು ಉಳಿಸಿಕೊಂಡು ಬಂದದ್ದು ತಾಳಮದ್ದಳೆ. ಸೊರಬದ ಪಶ್ಚಿಮದ ಹಳ್ಳಿಗಳಿಂದ ಸಾಗರ, ಸಿದ್ದಾಪುರ, ಹೊಸನಗರದ ಕಡೆಗೆ ಹೋದರೆ ಮಳೆಗಾಲದ ರಾತ್ರಿಗಳಲ್ಲಿ ಮನೆಯ ಚಾವಡಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ತಾಳಮದ್ದಳೆ ನಡೆಯುವ ರೂಢಿ ಇಂದಿಗೂ ಇದೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ; ಮದ್ದಳೆ ನುಡಿಯುತ್ತದೆ; ಅರ್ಥಧಾರಿಗಳು ಕುಳಿತಲ್ಲೇ ಆ ಪದದ ಅರ್ಥವನ್ನು ತಮ್ಮ ಮಾತಿನಲ್ಲಿ ವಿಸ್ತರಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ವಾಲಿಯ ಪಾತ್ರ ವಹಿಸಿದವರು ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ರಾಮನನ್ನು ಕೇಳಿದರೆ, ರಾಮನ ಪಾತ್ರದವರು ಆ ಕ್ಷಣದಲ್ಲೇ ಉತ್ತರ ಕಟ್ಟಬೇಕು. ಕಥೆಯ ಕೊನೆ ಎಲ್ಲರಿಗೂ ತಿಳಿದದ್ದೇ, ವಾಲಿ ಸಾಯಲೇಬೇಕು. ಆದರೆ ವಾದದಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುವುದಿಲ್ಲ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿ, ರಾವಣ, ದುರ್ಯೋಧನರಂಥ ಪಾತ್ರಗಳ ಪರವಾಗಿ ಎತ್ತುತ್ತಿದ್ದ ತರ್ಕವನ್ನು ಕೇಳಲೆಂದೇ ಜನ ದೂರದೂರದಿಂದ ಬರುತ್ತಿದ್ದರು.

ತಾಳಮದ್ದಳೆಯಲ್ಲಿ ಹೊಸಬರು ಬೆಳೆಯುವ ಕ್ರಮವನ್ನು ನೋಡಿ. ಮೊದಲು ದೂತನೋ ಸಾರಥಿಯೋ ಆಗಿ ಎರಡು ಮಾತು. ಹಿರಿಯರ ಪಕ್ಕದಲ್ಲಿ ಕುಳಿತು ಗಂಟೆಗಟ್ಟಲೆ ಕೇಳುವುದು. ಮುಂದೆ ಸ್ವಲ್ಪ ದೊಡ್ಡ ಪಾತ್ರ. ಎದುರು ಕುಳಿತ ಹಿರಿಯ ಅರ್ಥಧಾರಿ ಎಳೆಯನನ್ನು ಒಂದು ಪ್ರಶ್ನೆಯಿಂದ ಇಕ್ಕಟ್ಟಿಗೆ ಸಿಲುಕಿಸುವುದೂ ಉಂಟು, ಬಿಡಿಸಿಕೊಳ್ಳಲು ತಾವೇ ಒಂದು ಎಳೆಯನ್ನು ಬಿಟ್ಟುಕೊಡುವುದೂ ಉಂಟು. ಮುಂದೆ ಕುಳಿತ ಅಜ್ಜ, ಅಜ್ಜಿಯರಿಗೆ ಭಾರತ, ರಾಮಾಯಣಗಳು ಬಾಯಿಪಾಠ. ಕಥೆ ತಪ್ಪಿದರೆ ಅವರು ಬಿಡುವುದಿಲ್ಲ. ಮುಗಿದ ಮೇಲೆ ಕಾಫಿ ಕುಡಿಯುವಾಗ ವಿಮರ್ಶೆ ಬೇರೆ. ಬಿ.ಎಡ್. ಪದವಿಯಿಲ್ಲದ ಎಷ್ಟೋ ರೈತರು ಅಲ್ಲಿ ಒಳ್ಳೆಯ ಅಧ್ಯಾಪಕರಾಗಿದ್ದರು.

ಆದರೆ ಪುರಾಣದ ಪಾತ್ರವಾಗಿ ದೊರೆಯನ್ನು ಪ್ರಶ್ನಿಸುವುದು ಬೇರೆ, ತನ್ನ ಹೆಸರಿನಲ್ಲೇ ಒಡೆಯರನ್ನು ಪ್ರಶ್ನಿಸುವುದು ಬೇರೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ನಡೆದದ್ದು ಈ ಎರಡನೆಯದು. ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ಆ ವಿವಾದದ ಒಂದು ಮುಖ್ಯ ಎಳೆ. ಭೂಮಾಲೀಕರ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದವರು ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಸಂಘ ಕಟ್ಟಿ ಮಾತನಾಡಲು ತೊಡಗಿದರು. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದರು. ಮರುವರ್ಷ, ೧೯೫೨ರ ಚುನಾವಣೆಯಲ್ಲಿ ಆರಿಸಿ ಬಂದ ಶಾಂತವೇರಿ ಗೋಪಾಲಗೌಡರ ಮೂಲಕ ಮಲೆನಾಡಿನ ಗೇಣಿದಾರರ ಮಾತು ವಿಧಾನಸಭೆಯನ್ನು ತಲುಪಿತು. ಎದುರಾಡುವ ಹಕ್ಕು ಮಠದಿಂದ ಚಾವಡಿಗೆ, ಚಾವಡಿಯಿಂದ ಗದ್ದೆಯ ಬದುವಿಗೆ ಬಂದ ದಾರಿ ಇದು. ಅದು ತರಗತಿಗೆ ಬರುವುದು ಉಳಿದಿತ್ತು.

ತರಗತಿಯ ಮಾತಿಗೆ ಬಂದಾಗ ನಮ್ಮ ಶಿಕ್ಷಕ ತರಬೇತಿಯ ಒಂದು ಪದ್ಧತಿಯನ್ನು ಹೇಳಲೇಬೇಕು. ೧೯೬೩ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಅಲೆನ್ ಮತ್ತು ಅವರ ಸಂಗಡಿಗರು ಸೂಕ್ಷ್ಮ ಬೋಧನೆಯನ್ನು ರೂಪಿಸಿದರು. ಎಪ್ಪತ್ತರ ದಶಕದಲ್ಲಿ ಅದು ನಮ್ಮ ದೇಶದ ಬಿ.ಎಡ್. ಕಾಲೇಜುಗಳಿಗೆ ಬಂದಿತು. ಕಷ್ಟದ ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆದು ಒಂದೊಂದನ್ನೇ ಪಳಗಿಸುವುದು ಇದರ ತಿರುಳು. ಭಾರತದಲ್ಲಿ ರೂಢಿಗೆ ಬಂದ ಮಾದರಿಯಂತೆ ೬ ನಿಮಿಷ ಪಾಠ, ೬ ನಿಮಿಷ ಹಿಮ್ಮಾಹಿತಿ, ೧೨ ನಿಮಿಷ ಮರುಯೋಜನೆ, ೬ ನಿಮಿಷ ಮರುಪಾಠ, ೬ ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು ೩೬ ನಿಮಿಷ. ಅಮೆರಿಕದಲ್ಲಿ ಇದಕ್ಕೆ ವಿಡಿಯೋ ಯಂತ್ರ ಬಳಸಿದರು. ನಮಗೆ ಸಹಪಾಠಿಗಳೇ ಯಂತ್ರ, ಅವರೇ ವಿದ್ಯಾರ್ಥಿಗಳು, ಅವರೇ ಪರೀಕ್ಷಕರು. ಒಂದು ದಿನ ಪೀಠಿಕೆಯನ್ನು ಮಾತ್ರ ನೋಡುವುದು, ಇನ್ನೊಂದು ದಿನ ಪ್ರಶ್ನೆ ಕೇಳುವ ಕೌಶಲವನ್ನು ಮಾತ್ರ. ನಮ್ಮ ತಂಡದ ಗೆಳೆಯರೊಬ್ಬರು ಆರು ನಿಮಿಷದಲ್ಲಿ ಹದಿಮೂರು ಬಾರಿ "ಅರ್ಥವಾಯಿತೇ?" ಎಂದರೆಂದು ಇನ್ನೊಬ್ಬರು ಗೆರೆ ಹಾಕಿ ಎಣಿಸಿದ್ದರು. ಗೆಳೆಯರಿಗೆ ಅದು ಗೊತ್ತೇ ಇರಲಿಲ್ಲ. ಮರುಪಾಠದಲ್ಲಿ ಅದು ಮೂರಕ್ಕೆ ಇಳಿಯಿತು. ಯಾರೂ ಅವರನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಲೆಕ್ಕ ತೋರಿಸಿದರು, ಅಷ್ಟೇ. ಇಪ್ಪತ್ತು ಉಪನ್ಯಾಸಗಳು ಮಾಡಲಾಗದ ಕೆಲಸವನ್ನು ಆ ಹದಿಮೂರು ಗೆರೆಗಳು ಮಾಡಿದವು.

ಅಂಜನಾಪುರದ ಸುತ್ತಲಿನ ಮಕ್ಕಳಿಗೆ ಪಾಠ ಹೇಳುವಾಗ ನಾನು ಹಳೆಯದನ್ನೂ ಹೊಸದನ್ನೂ ಸೇರಿಸಿ ಶನಿವಾರದ ಕೊನೆಯ ಅವಧಿಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಅದರಲ್ಲಿ ಕುಳಿತವರು ನಿಮ್ಮಲ್ಲೇ ಅನೇಕರಿದ್ದೀರಿ. ಮೂರು ನಿಮಿಷ ಮಾತು. ಕೈಯಲ್ಲಿ ಕಾಗದ ಇರಕೂಡದು, ಬೇಕಾದರೆ ಅಂಗೈಯಲ್ಲಿ ನಾಲ್ಕು ಪದ. ವಿಷಯ ಕಣ್ಣೆದುರಿನದು: ಗದ್ದೆಗೆ ಭತ್ತವೋ ಅಡಿಕೆಯೋ, ಜಲಾಶಯದ ನೀರು ಕೊನೆಯ ಗದ್ದೆಗೆ ಏಕೆ ತಲುಪುವುದಿಲ್ಲ, ಇಂಥವು. ಮಾತು ಮುಗಿದ ಮೇಲೆ ಕೇಳಿದವರು ಮೂರು ಸಂಗತಿ ಹೇಳಬೇಕು: ಚೆನ್ನಾಗಿದ್ದದ್ದು ಒಂದು, ಅರ್ಥವಾಗದ್ದು ಒಂದು, ಕೇಳಬೇಕೆನ್ನಿಸಿದ ಪ್ರಶ್ನೆ ಒಂದು. ವಿರೋಧಿಸುವವರು ಮೊದಲು ಎದುರಾಳಿಯ ಮಾತನ್ನು ತಮ್ಮ ಬಾಯಲ್ಲಿ ಹೇಳಿ, ಅವನಿಂದ "ಹೌದು, ನಾನು ಹೇಳಿದ್ದು ಇದೇ" ಎನ್ನಿಸಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಅದೇ ವಿದ್ಯಾರ್ಥಿ ಮುಂದಿನ ವಾರ ಅದೇ ವಿಷಯವನ್ನು ಮತ್ತೆ ಮಾತನಾಡಬೇಕು. ಎರಡನೆಯ ಅವಕಾಶವಿಲ್ಲದ ತಿದ್ದುಪಡಿ ಮಕ್ಕಳಿಗೆ ಬರಿಯ ಅವಮಾನವಾಗಿ ಉಳಿಯುತ್ತದೆ.

ಕೂಲಿ ಮಾಡುವ ಮನೆಯ ಹುಡುಗಿಯೊಬ್ಬಳು ಮೊದಲ ಶನಿವಾರ ನೆಲ ನೋಡುತ್ತ ಮಾತನಾಡಿದಳು. "ಹಿಂದಿನ ಬೆಂಚಿಗೆ ಕೇಳಲಿಲ್ಲ" ಎಂದಿತು ತರಗತಿ. ಎರಡನೆಯ ವಾರ ಕೇಳಿಸಿತು. "ಆದರೆ ಕಾಲುವೆ ಯಾವ ಕಡೆಯಿಂದ ಬರುತ್ತದೆಂದು ತಿಳಿಯಲಿಲ್ಲ" ಎಂದರು. ಮೂರನೆಯ ವಾರ ಅವಳು ತಾನಾಗಿ ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮೇಲೆ ಕಾಲುವೆ ಬರೆದು ತೋರಿಸಿದಳು. ಆ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲವೆಂದು ಎದ್ದು ನಿಂತು ಹೇಳಿದವಳು ಅವಳೇ. ಮಾಡಿಸೋಣವೆಂದು ಹಿರಿಯರೊಬ್ಬರು ಸಮಾಧಾನ ಹೇಳಿದರು. ಅವಳು ಕುಳಿತುಕೊಳ್ಳಲಿಲ್ಲ. "ಯಾವ ತಿಂಗಳು ಸಾರ್?" ಎಂದು ಕೇಳಿದಳು. ಸಭೆ ನಕ್ಕಿತು, ಆದರೆ ತಿಂಗಳನ್ನು ಹೇಳಲೇಬೇಕಾಯಿತು, ಅದು ಪುಸ್ತಕದಲ್ಲಿ ದಾಖಲೂ ಆಯಿತು. ಅವಳ ಮಾತಿನಲ್ಲಿ ಅಲಂಕಾರವಿರಲಿಲ್ಲ. ಎದುರಿನಿಂದ ಬಂದ ಉತ್ತರವನ್ನು ಕೇಳಿಸಿಕೊಂಡು, ಅದರಲ್ಲಿ ಬಿಟ್ಟುಹೋದದ್ದು ಏನೆಂದು ಗುರುತಿಸುವ ಕಿವಿ ಇತ್ತು. ಮಾತುಗಾರಿಕೆಯ ಅಭ್ಯಾಸದಿಂದ ಒಬ್ಬ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಇಂದಿನ ಮಕ್ಕಳಿಗೆ ವೇದಿಕೆಗಳ ಕೊರತೆಯಿಲ್ಲ. ಸ್ಪರ್ಧೆಗಳಿವೆ, ಪ್ರತಿ ಮನೆಯಲ್ಲೂ ಚಿತ್ರ ತೆಗೆಯುವ ಮೊಬೈಲ್ ಇದೆ. ಕೊರತೆಯಿರುವುದು ಎದುರಿನಿಂದ ಬರುವ ಮಾತಿಗೆ. ದೊಡ್ಡವರು ಬರೆದುಕೊಟ್ಟದ್ದನ್ನು ಮಗು ಉರು ಹೊಡೆದು, ಕೈ ತಿರುಗಿಸುವ ಜಾಗದಲ್ಲಿ ಕೈ ತಿರುಗಿಸಿ ಒಪ್ಪಿಸುತ್ತದೆ. ತೀರ್ಪುಗಾರರು ಅಂಕ ಹಾಕುತ್ತಾರೆ. ಬಹುಮಾನ ಬಂದರೆ ಛಾಯಾಚಿತ್ರ, ಬಾರದಿದ್ದರೆ ಅಳು. ಯಾವ ಮಾತು ಯಾರಿಗೆ ತಲುಪಲಿಲ್ಲವೆಂದು ಯಾರೂ ಹೇಳುವುದಿಲ್ಲ. ಹೀಗೆ ಬೆಳೆದವರು ಮುಂದೆ ಮಾತನಾಡುತ್ತಾರೆ, ಆದರೆ ಮರುಮಾತನ್ನು ಸಹಿಸಲಾರರು. ಅದರ ಫಲವನ್ನು ನಾವು ದಿನವೂ ಸಭೆಗಳಲ್ಲಿ, ಟಿ.ವಿ. ಚರ್ಚೆಗಳಲ್ಲಿ ನೋಡುತ್ತಿದ್ದೇವೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು, ಕೇಳುವವರೇ ಇಲ್ಲ.

ಆದ್ದರಿಂದ ಮಾತು ಕಲಿಯಬೇಕೆನ್ನುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟು. ನಿಮ್ಮನ್ನು ಪ್ರೀತಿಸುವ, ಆದರೆ ನಿಮಗೆ ಹೆದರದ ಇಬ್ಬರನ್ನು ಹುಡುಕಿಕೊಳ್ಳಿ. ಅವರೆದುರು ಮಾತನಾಡಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ, ಅದೇ ವಿಷಯವನ್ನು ಮತ್ತೊಮ್ಮೆ ಮಾತನಾಡಿ. ನನ್ನ ಬಂಧುಗಳಲ್ಲಿ ಒಂದು ಬಿನ್ನಹ. ಹಬ್ಬಕ್ಕೆಂದು ಎಲ್ಲರೂ ಸೇರಿದಾಗ ಮನೆಯ ಮಗು ಎದ್ದು ನಿಂತು ಏನಾದರೂ ಹೇಳಿದರೆ ಚಪ್ಪಾಳೆ ತಟ್ಟಿ ಊಟಕ್ಕೆ ಏಳಬೇಡಿ. ಐದು ನಿಮಿಷ ಕುಳಿತು, ಆ ಮಗು ಹೇಳಿದ್ದರ ಬಗ್ಗೆಯೇ ಒಂದು ಪ್ರಶ್ನೆ ಕೇಳಿ.